‘ಅಯೋಮಯ’ ಎಂದರೆ ಕಬ್ಬಿಣವೋ ಗೊಂದಲವೋ? ಸಂಜೆಯೊಳಗೆ ತಿಳಿಸಿ

ಮಂಡ್ಯದಿಂದ:

ಹಿರಿಯರಿಗೆ ನಮಸ್ಕಾರ. ಒಂದು ಪದದ ವಿಚಾರ ಇಂದೇ ತೀರ್ಮಾನವಾಗಬೇಕಾಗಿದೆ.

ರಾಜ್ಯೋತ್ಸವಕ್ಕೆ ನಮ್ಮ ಶಾಲೆಯ ಮಕ್ಕಳಿಂದ ಒಂದು ನಗೆನಾಟಕ ಆಡಿಸುತ್ತಿದ್ದೇನೆ. ಇಂಗ್ಲಿಷ್ ಕಿರುನಾಟಕವೊಂದರ ಎಳೆ ಹಿಡಿದು ನಮ್ಮ ಕಡೆಯ ಮದುವೆ ಛತ್ರಕ್ಕೆ ಒಗ್ಗಿಸಿ ಬರೆದದ್ದು. ಒಂದೇ ಛತ್ರವನ್ನು ಒಂದೇ ಮುಹೂರ್ತಕ್ಕೆ ಎರಡು ಮನೆಯವರಿಗೆ ಕೊಟ್ಟುಬಿಟ್ಟಿರುತ್ತಾರೆ. ಈ ಮನೆಯ ಬೀಗರು ಆ ಮನೆಯ ಪಂಕ್ತಿಯಲ್ಲಿ ಕುಳಿತು ಉಂಡು ಏಳುತ್ತಾರೆ. ಆ ಮನೆಯ ಪುರೋಹಿತರು ಈ ಮನೆಯ ಗೋತ್ರ ಹೇಳುತ್ತಾರೆ. ಮುಯ್ಯಿ ಬರೆಯುವವನು ಒಬ್ಬರ ಮುಯ್ಯಿಯನ್ನು ಇನ್ನೊಬ್ಬರ ಪುಸ್ತಕಕ್ಕೆ ಏರಿಸುತ್ತಾನೆ. ಕೊನೆಗೆ ವಾಲಗದವನಿಗೆ ಯಾರ ತಾಳಿಗೆ ಗಟ್ಟಿಮೇಳ ಬಾರಿಸಬೇಕೆಂಬುದೇ ತಿಳಿಯದೆ, ಡೋಲಿನ ಮೇಲೆ ಕೈಯಿಟ್ಟುಕೊಂಡು ‘ಎಲ್ಲ ಅಯೋಮಯ’ ಎನ್ನುತ್ತಾನೆ. ನಾಟಕದ ಹೆಸರೂ ಅದೇ.

ನಮ್ಮ ಮುಖ್ಯೋಪಾಧ್ಯಾಯರು ಹಿಂದೆ ಸಂಸ್ಕೃತ ಪಾಠ ಮಾಡಿದವರು. ಅಯೋಮಯ ಎಂದರೆ ಕಬ್ಬಿಣದಿಂದ ಮಾಡಿದ್ದು, ಊರವರ ಮುಂದೆ ಹಾರ್ಡ್‌ವೇರ್ ಅಂಗಡಿಯ ಬೋರ್ಡು ನೇತುಹಾಕಬೇಡಿ ಎಂದುಬಿಟ್ಟರು. ‘ಗೊಂದಲ’ ಎಂದು ಹಾಕೋಣವೆಂದರೆ ಅದು ಪತ್ರಿಕೆಯ ತಲೆಬರಹದಂತೆ ಕೇಳಿಸುತ್ತದೆ: ‘ಪಠ್ಯಪುಸ್ತಕ ಹಂಚಿಕೆಯಲ್ಲಿ ಗೊಂದಲ’. ಮಕ್ಕಳನ್ನು ಕೇಳಿದರೆ ‘ಚಿತ್ರಾನ್ನ’ ಎಂದು ಇಡಿ ಮಿಸ್ ಎನ್ನುತ್ತಾರೆ.

ಬ್ಯಾನರ್ ಬರೆಯುವವರು ಸಂಜೆ ಐದರೊಳಗೆ ಹೆಸರು ಕೊಡಿ ಎಂದಿದ್ದಾರೆ. ಅಯೋಮಯ ಸರಿಯೋ ತಪ್ಪೋ? ತಪ್ಪಾದರೆ ಅಷ್ಟೇ ಕಳೆಯಿರುವ ಬೇರೆ ಮಾತು ಯಾವುದು?


ಮೈಸೂರು, ಜಯಲಕ್ಷ್ಮೀಪುರಂ:

ಅಯೋಮಯ ಎಂದರೆ ಕಬ್ಬಿಣದ್ದು. ಬೇರೆ ಅರ್ಥವಿಲ್ಲ. ತಪ್ಪು ಹಳೆಯದಾದ ಮಾತ್ರಕ್ಕೆ ಸರಿಯಾಗುವುದಿಲ್ಲ. ಮುಖ್ಯೋಪಾಧ್ಯಾಯರ ಮಾತು ಕೇಳಿ, ‘ಗೊಂದಲ’ ಎಂದು ಹಾಕಿ.


ಮೈಸೂರು, ಸರಸ್ವತಿಪುರಂ:

ಮುಖ್ಯೋಪಾಧ್ಯಾಯರು ಹೇಳಿದ್ದು ಸರಿ. ಜಯಲಕ್ಷ್ಮೀಪುರದವರು ಹೇಳಿದ್ದು ಅರ್ಧ ಸರಿ. ಮನಸ್ಸು ಮನೋಮಯವಾದಂತೆ, ತೇಜಸ್ಸು ತೇಜೋಮಯವಾದಂತೆ ಅಯಸ್ಸು ಅಯೋಮಯ. ಇಲ್ಲಿರುವವರಿಗೆ ಸಂಧಿ ಬಿಡಿಸಿ ತೋರಿಸಬೇಕಾಗಿಲ್ಲ. ಅಯಸ್ಕಾಂತದಲ್ಲಿ ಕುಳಿತಿರುವುದೂ ಇದೇ ಅಯಸ್ಸು. ಹಾಗಾಗಿ ‘ನನಗೆ ಎಲ್ಲ ಅಯೋಮಯ’ ಎಂದವನು ಸಂಸ್ಕೃತ ಬಲ್ಲವರ ಕಿವಿಗೆ ‘ನನ್ನದೆಲ್ಲ ಕಬ್ಬಿಣದ್ದು’ ಎಂದ ಹಾಗೆಯೇ ಕೇಳಿಸುತ್ತಾನೆ.

ಆದರೆ ಇಷ್ಟಕ್ಕೇ ಕೈ ತೊಳೆದುಕೊಳ್ಳುವುದು ಸೋಮಾರಿತನ. ಕಬ್ಬಿಣ ಹೇಗೆ ಗೊಂದಲವಾಯಿತು ಎಂಬುದನ್ನು ಕೇಳಬೇಡವೇ? ಈ ಬಗ್ಗೆ ಬಹಳ ಕಾಲದಿಂದ ನನ್ನದೊಂದು ಊಹೆಯಿದೆ. ಕನ್ನಡದಲ್ಲಿ ‘ಕಬ್ಬಿಣದ ಕಡಲೆ’ ಇದೆ. ಹಲ್ಲಿಗೆ ಮಣಿಯದ್ದು, ಆದ್ದರಿಂದ ತಲೆಗೂ ಇಳಿಯದ್ದು. ಲೆಕ್ಕ ಬಾರದ ಹುಡುಗನಿಗೆ ಲೆಕ್ಕ ಕಬ್ಬಿಣದ ಕಡಲೆ. ಹಳಗನ್ನಡ ಬಾರದವನಿಗೆ ಪಂಪ ಕಬ್ಬಿಣದ ಕಡಲೆ. ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದ ಕಾಲದಲ್ಲಿ ಯಾರೋ ಒಬ್ಬ ರಸಿಕ ಪಂಡಿತ ಈ ಗಾದೆಯಂಥ ಮಾತಿಗೆ ಸಂಸ್ಕೃತದ ಅಂಗಿ ತೊಡಿಸಿ ‘ಅಯೋಮಯ ಚಣಕ’ ಎಂದಿರಬೇಕು. ಶಿಷ್ಯರು ನಕ್ಕಿರಬೇಕು. ಕ್ರಮೇಣ ಚಣಕ ಉದುರಿ ಅಯೋಮಯ ಮಾತ್ರ ಉಳಿದಿರಬೇಕು. ‘ಅರ್ಥವಾಗದ್ದು’ ಎಂಬಲ್ಲಿಂದ ‘ಏನೂ ತೋಚದ ಸ್ಥಿತಿ’ ಎಂಬಲ್ಲಿಗೆ ಹೋಗುವುದು ಎರಡು ಹೆಜ್ಜೆಯೂ ಅಲ್ಲ.

ವಿಶೇಷಣ ಉಳಿದು ವಿಶೇಷ್ಯ ಬಿದ್ದುಹೋಗುವುದು ನಮ್ಮಲ್ಲಿ ದಿನವೂ ನಡೆಯುವ ವ್ಯವಹಾರ. ಹೋಟೆಲಿನಲ್ಲಿ ಕುಳಿತು ‘ಒಂದು ಮಸಾಲೆ’ ಎಂದರೆ ಯಾರೂ ಮೆಣಸಿನ ಪುಡಿ ತಂದು ಸುರಿಯುವುದಿಲ್ಲ.

ಇನ್ನು ಅಯೋಮಯವನ್ನು ‘ಅಯ್ಯೋ’ ಮತ್ತು ‘ಮಯ’ ಎಂದು ಬಿಡಿಸಿ, ‘ಎಲ್ಲೆಲ್ಲೂ ಅಯ್ಯೋ ಎನ್ನುವಂತಿರುವುದು’ ಎಂದು ಅರ್ಥ ಹೇಳುವವರು ಸಿಗುತ್ತಾರೆ. ಅವರಿಗೆ ನನ್ನಲ್ಲಿ ಉತ್ತರವಿಲ್ಲ. ಚಹಾ ಕುಡಿಸಿ ಕಳುಹಿಸುತ್ತೇನೆ.


ಮದ್ದೂರಿನಿಂದ:

ಕಬ್ಬಿಣವೋ ಗೊಂದಲವೋ ಎಂದು ಇಬ್ಬರು ಹಿರಿಯರು ಕಾದಾಡುತ್ತಿದ್ದಾರೆ. ನನಗೆ ಎರಡೂ ಬೇಡ. ಕರಿಯ ಪೊನ್ನು ಎಂದು ಬೆಳಗಿನಂತೆ ತಿಳಿಯಾದ ಹೆಸರಿಟ್ಟು, ಅದನ್ನೇ ಕಬ್ಬಿಣ ಮಾಡಿಕೊಂಡ ನುಡಿ ನಮ್ಮದು. ಅಂಥ ನುಡಿಯವರು ಕಬ್ಬಿಣಕ್ಕೂ ಸಂಸ್ಕೃತ, ತಲೆ ಕೆಟ್ಟಾಗಲೂ ಸಂಸ್ಕೃತ ಎಂದು ಕೈಯೊಡ್ಡುವುದೇಕೆ?

ಕನ್ನಡದ್ದೇ ಆದ ಮಾತುಗಳಿಗೆ ಬರವೇ? ಸಿಕ್ಕು ಇದೆ, ತೊಡಕು ಇದೆ, ಗೋಜಲು ಇದೆ, ಗಲಿಬಿಲಿ ಇದೆ. ಎಲ್ಲಕ್ಕಿಂತ ಸೊಗಸಾದ ಕಲಸುಮೇಲೋಗರ ಇದೆ. ಅದನ್ನು ಬಾಯಲ್ಲಿ ಆಡಿದರೇ ನಗು ಬರುತ್ತದೆ. ನಗೆನಾಟಕಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೇ? ಎರಡು ಮದುವೆ ಬೆರೆತು ಹೋಗಿವೆ ಎಂದು ಮೇಡಂ ಅವರೇ ಹೇಳಿದ್ದಾರೆ. ಬೆರೆತದ್ದಕ್ಕೆ ಕಲಸುಮೇಲೋಗರ ಎನ್ನದೆ ಇನ್ನೇನು ಎನ್ನುತ್ತಾರೆ?

‘ಗೊಂದಲ’ವನ್ನು ಕನ್ನಡ ಎಂದುಕೊಂಡು ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತುತ್ತಿರುವವರು ಗಮನಿಸಬೇಕು. ಅದು ಮರಾಠಿಯ ಗೋಂಧಳ. ಸಂಸ್ಕೃತದ ಮನೆಯಿಂದ ಹೊರಟು ಮರಾಠಿಯ ಮನೆ ಹೊಕ್ಕಂತಾಯಿತು. ಸುದ್ದಗನ್ನಡದಲ್ಲಿ ಸಕ್ಕದವನ್ನು, ಅಂದರೆ ಸಂಸ್ಕೃತವನ್ನು, ಬೆರೆಸುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಕವಿ ನಯಸೇನ 12ನೆಯ ಶತಮಾನದಲ್ಲೇ ಹೇಳಿದ್ದಾನೆ. ಒಂಬತ್ತು ನೂರು ವರ್ಷ ಕಳೆದರೂ ನಮಗೆ ಬುದ್ಧಿ ಬಂದಿಲ್ಲ.


ಮಂಡ್ಯದಿಂದ:

ಎಲ್ಲರಿಗೂ ಧನ್ಯವಾದ. ಮೂವರು ಹಿರಿಯರು ಮೂರು ಹೆಸರು ಹೇಳಿದ್ದೀರಿ. ಮುಖ್ಯೋಪಾಧ್ಯಾಯರಿಗೆ ಎಲ್ಲವನ್ನೂ ಓದಿ ಹೇಳಿದೆ. ಮಸಾಲೆದೋಸೆಯ ಮಾತಿಗೆ ನಕ್ಕರು, ಆದರೆ ಪಟ್ಟು ಬಿಟ್ಟಿಲ್ಲ. ‘ನಾಳೆ ತಾಲ್ಲೂಕಿನ ಯಾವನಾದರೂ ಪಂಡಿತ ಎದ್ದು ನಿಂತು ಕೇಳಿದರೆ ಏನೆನ್ನುತ್ತೀರಿ’ ಎನ್ನುತ್ತಾರೆ. ಅದಕ್ಕೆ ಏನೆನ್ನಬೇಕು? ದಯವಿಟ್ಟು ಯಾರಾದರೂ ಒಂದೇ ಮಾತು ಹೇಳಿ. ಈಗ ಮೂರೂವರೆ ಗಂಟೆ.


ಮೈಸೂರು, ಅಗ್ರಹಾರ:

ಅವಸರದಲ್ಲಿರುವವರಿಗೆ ಮೊದಲು ಉತ್ತರ. ಮೇಡಂ, ‘ಎಲ್ಲ ಅಯೋಮಯ’ ಎಂದೇ ಬರೆಸಿ. ಪಂಡಿತ ಎದ್ದು ನಿಂತರೆ, ‘ರಾದ್ಧಾಂತ ಮಾಡಬೇಡಿ, ಕುಳಿತುಕೊಳ್ಳಿ’ ಎನ್ನಿ. ಅವರು ಕುಳಿತರೆ ನೀವು ಗೆದ್ದಿರಿ. ಏಕೆಂದರೆ ಸಂಸ್ಕೃತದಲ್ಲಿ ರಾದ್ಧಾಂತ ಎಂದರೆ ಸಿದ್ಧಾಂತ, ವಾದ ಮಾಡಿ ಸಾಧಿಸಿ ನಿಲ್ಲಿಸಿದ ತೀರ್ಮಾನ. ಕನ್ನಡದಲ್ಲಿ ತೀರ್ಮಾನ ಎಂಬುದು ಸುಳಿಯದ ಕಡೆಯೇ ರಾದ್ಧಾಂತ. ಈ ಪದವನ್ನು ನಮ್ಮ ಅರ್ಥದಲ್ಲಿ ಕೇಳಿಸಿಕೊಂಡು ಸುಮ್ಮನಾದ ಪಂಡಿತರಿಗೆ ಅಯೋಮಯದ ಬಗ್ಗೆ ತಕರಾರೆತ್ತುವ ಹಕ್ಕಿಲ್ಲ.

ಮಿಕ್ಕದ್ದನ್ನು ಬ್ಯಾನರಿನ ಬಣ್ಣ ಒಣಗುವಾಗ ಓದಿಕೊಳ್ಳಬಹುದು.

ನಾನು ಕರಡು ತಿದ್ದುವ ಕೆಲಸದವನು. ದಿನವಿಡೀ ಈ ಪದಗಳ ನಡುವೆಯೇ ಕುಳಿತಿರುತ್ತೇನೆ. ಜಯಲಕ್ಷ್ಮೀಪುರದವರ ಸೂತ್ರವನ್ನು ಅನ್ವಯಿಸಲು ಹೊರಟರೆ ನಾನು ಅಳಿಸಬೇಕಾದ್ದು ಅಯೋಮಯ ಒಂದನ್ನೇ ಅಲ್ಲ. ಅವಾಂತರ ಎಂದರೆ ಸಂಸ್ಕೃತದಲ್ಲಿ ನಡುವಿನದು, ಒಳಗೆ ಸೇರಿದ್ದು. ನಮ್ಮಲ್ಲಿ ಮಳೆ ಬಂದು ಚರಂಡಿ ಉಕ್ಕಿದರೆ ಅವಾಂತರ. ಆಭಾಸ ಎಂದರೆ ತೋರಿಕೆ. ನಮ್ಮಲ್ಲಿ ಅಧ್ಯಕ್ಷರ ಹೆಸರು ತಪ್ಪಾಗಿ ಕೂಗಿದರೆ ಆಭಾಸ. ಅಧ್ವನ್ ಎಂದರೆ ದಾರಿ. ಅದಕ್ಕೂ ನಮ್ಮ ಅಧ್ವಾನಕ್ಕೂ ನಂಟು ಹೇಳುವವರ ಮಾತು ನಿಜವಾದರೆ, ಆ ದಾರಿಯನ್ನು ನಾವು ಎಂಥ ಸ್ಥಿತಿಗೆ ತಂದಿದ್ದೇವೆ ನೋಡಿ! ಸಂಸ್ಕೃತದ ಗಂಭೀರ ಪದಗಳೆಲ್ಲ ಕನ್ನಡಕ್ಕೆ ಬರುವಾಗ ಏಕೆ ಹೀಗೆ ಕಾಲುಜಾರಿ ಬೀಳುತ್ತವೆ ಎಂಬುದೇ ಬೇರೆ ಅಧ್ಯಯನಕ್ಕೆ ವಸ್ತು. ಯಾರಾದರೂ ಮಾನಸಗಂಗೋತ್ರಿಯಲ್ಲಿ ಪಿಎಚ್.ಡಿ. ಮಾಡಲಿ.

ಸರಸ್ವತಿಪುರದವರ ಚಣಕದ ಕಥೆ ಚೆನ್ನಾಗಿದೆ. ಕಥೆಯಾಗಿಯೇ ಚೆನ್ನಾಗಿದೆ. ಕಬ್ಬಿಣದ ಕಡಲೆ ಕಷ್ಟವಾದದ್ದು. ಕಷ್ಟವೆಂದು ತಿಳಿದಿರುವುದರಿಂದಲೇ ಹಾಗೆನ್ನುತ್ತೇವೆ. ಅಲ್ಲಿ ಗೊಂದಲವೇನೂ ಇಲ್ಲ. ಲೆಕ್ಕ ಕಬ್ಬಿಣದ ಕಡಲೆಯೆಂದು ಹುಡುಗನಿಗೂ ಗೊತ್ತು, ಮೇಷ್ಟರಿಗೂ ಗೊತ್ತು. ಅಯೋಮಯದಲ್ಲಿ ಕಷ್ಟವೇ ಇದೆಯೋ ಇಲ್ಲವೋ ಎಂಬುದೂ ಕಾಣುವುದಿಲ್ಲ. ‘ಚಣಕ ಉದುರಿತು’ ಎನ್ನಲು ಚಣಕ ಇದ್ದದ್ದನ್ನು ಯಾವುದಾದರೂ ಓಲೆಯಲ್ಲಿ, ಯಾವುದಾದರೂ ಪುಸ್ತಕದಲ್ಲಿ ತೋರಿಸಬೇಕು. ತೋರಿಸುವವರೆಗೆ ಅವರ ಮನೆಯ ಚಹಾಕ್ಕೆ ಅಯ್ಯೋ ಪಕ್ಷದವರಿಗೆ ಎಷ್ಟು ಅಧಿಕಾರವೋ ಅವರಿಗೂ ಅಷ್ಟೇ.

ಪದ ಎಲ್ಲಿಂದ ಬಂತು ಎಂಬುದನ್ನು ಬಿಟ್ಟು ಅದು ವಾಕ್ಯದಲ್ಲಿ ಹೇಗೆ ಕುಳಿತುಕೊಳ್ಳುತ್ತದೆ ಎಂಬುದನ್ನು ನೋಡೋಣ. ‘ಗೊಂದಲವನ್ನು ಉಂಟುಮಾಡಿದರು’ ಎಂದು ಬರೆಯಬಹುದು, ‘ಗೊಂದಲ ನಿವಾರಿಸಿದರು’, ‘ಹತ್ತಾರು ಗೊಂದಲಗಳು’ ಎನ್ನಬಹುದು. ‘ಅಯೋಮಯವನ್ನು ನಿವಾರಿಸಿದರು’ ಎಂದು ಯಾರೂ ಬರೆಯುವುದಿಲ್ಲ. ‘ಹತ್ತಾರು ಅಯೋಮಯಗಳು’ ಎಂದು ಬರೆದರೆ ನಾನೇ ಅಳಿಸುತ್ತೇನೆ. ಅದು ವಾಕ್ಯದ ಕೊನೆಗೆ ಬಂದು ಕೈಚೆಲ್ಲಿ ಕುಳಿತುಬಿಡುವ ಪದ: ‘ಮುಂದಿನ ದಾರಿ ಅಯೋಮಯ’, ‘ಯಾರು ಯಾರೆಂಬುದೇ ಅಯೋಮಯ’. ಅಲ್ಲಿಂದ ಮುಂದಕ್ಕೆ ಮಾಡುವುದೇನೂ ಉಳಿದಿರುವುದಿಲ್ಲ. ಗೊಂದಲಕ್ಕೆ ಸಮಿತಿ ರಚಿಸಬಹುದು, ಅಯೋಮಯಕ್ಕೆ ಅದೂ ಸಾಧ್ಯವಿಲ್ಲ.

ಹಾಗೆಯೇ ತಬ್ಬಿಬ್ಬಾಗುವುದು ಮನುಷ್ಯ ಮಾತ್ರ, ಛತ್ರ ತಬ್ಬಿಬ್ಬಾಗುವುದಿಲ್ಲ. ಕಕ್ಕಾಬಿಕ್ಕಿಯಾಗುವವನು ಎಲ್ಲೋ ಸಿಕ್ಕಿಬಿದ್ದಿರುತ್ತಾನೆ, ಬಾಯಿಗೆ ಮಾತು ಬರುತ್ತಿರುವುದಿಲ್ಲ. ಗಲಿಬಿಲಿ ಥಟ್ಟನೆ ಬಂದು ಹೋಗುತ್ತದೆ. ಗಡಿಬಿಡಿಯಲ್ಲಿ ಅವಸರವೇ ಹೆಚ್ಚು. ಮಂಗಳೂರಿನ ಐಸ್‌ಕ್ರೀಮಿನವರು ಅದರ ಅಣ್ಣ ಗಡ್‌ಬಡ್ಡನ್ನು ಲೋಟಕ್ಕೆ ತುಂಬಿದ್ದಾರೆ, ಅದು ಇಲ್ಲಿ ಬೇಡ. ಗೋಜಲು ನೂಲಿನದು, ಬರವಣಿಗೆಯದು, ವಾದದ್ದು. ನಮ್ಮ ಈ ಚರ್ಚೆಯೇ ಗೋಜಲು.

ಕಲಸುಮೇಲೋಗರದ ವಿಷಯದಲ್ಲಿ ಮದ್ದೂರಿನವರದು ಬಲವಾದ ವಾದ, ಅದನ್ನು ಒಪ್ಪಲೇಬೇಕು. ಬೇರೆ ಬೇರೆಯಾಗಿರಬೇಕಾದ ಎರಡು ಮದುವೆಗಳು ಬೆರೆತಿವೆ. ಆದರೆ ಹಾಗೆ ಬೆರೆತಿವೆ ಎಂದು ಯಾರಿಗೆ ಕಾಣುತ್ತದೆ? ಕೆಳಗೆ ಕುಳಿತ ಪ್ರೇಕ್ಷಕರಿಗೆ. ಇವರು ಈ ಮನೆಯವರು, ಅವರು ಆ ಮನೆಯವರು ಎಂದು ಬಿಡಿಸಿ ತಿಳಿದವನಿಗೆ ಮಾತ್ರ ಕಲಸುಮೇಲೋಗರ ಎನ್ನಲು ಸಾಧ್ಯ. ವೇದಿಕೆಯ ಮೇಲೆ ಡೋಲು ಹಿಡಿದು ನಿಂತವನಿಗೆ ಬೆರೆತಿದೆ ಎಂಬುದೂ ಗೊತ್ತಿಲ್ಲ. ಅವನಿಗೆ ಎದುರಿಗೆ ಒಂದು ತಾಳಿ ಕಾಣುತ್ತಿದೆ, ಹಿಂದಿನಿಂದ ಇನ್ನೊಬ್ಬರು ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಬೆರಳಾಡಿಸುತ್ತಿದ್ದಾರೆ. ಅವನ ಬಾಯಲ್ಲಿ ಬರಬೇಕಾದ ಮಾತು ಅಯೋಮಯವೇ. ನಾಟಕದ ಹೆಸರು ಅವನ ಮಾತು ಎಂದಾದ ಮೇಲೆ ವಿಚಾರ ಮುಗಿಯಿತು. ಮಕ್ಕಳ ಚಿತ್ರಾನ್ನಕ್ಕೂ ಇದೇ ತೊಂದರೆ. ಅದು ಕೆಡಿಸಿದವನನ್ನು ಬೈಯುವ ಮಾತು. ‘ಎಲ್ಲ ಚಿತ್ರಾನ್ನ ಮಾಡಿಟ್ಟ’ ಎನ್ನಲು ಒಬ್ಬ ಅಪರಾಧಿ ಬೇಕು. ಮುಂದಿನ ವರ್ಷ ಛತ್ರದ ಮ್ಯಾನೇಜರನ ಮೇಲೆಯೇ ಒಂದು ನಾಟಕ ಬರೆದು ಆ ಹೆಸರಿಡಿ.

ಇಷ್ಟಾದ ಮೇಲೂ ಕಬ್ಬಿಣವನ್ನು ಬಿಡಲಾರೆವು ಎನ್ನುವವರು ಧೃತರಾಷ್ಟ್ರನನ್ನು ನೆನೆಯಲಿ. ಯುದ್ಧ ಮುಗಿದ ಮೇಲೆ ಭೀಮನನ್ನು ತಬ್ಬಿಕೊಳ್ಳುತ್ತೇನೆಂದು ಕೈಚಾಚಿದಾಗ ಕೃಷ್ಣ ಮುಂದಕ್ಕೆ ತಳ್ಳಿದ್ದು ಲೋಹದ ಪ್ರತಿಮೆಯನ್ನು. ಕುರುಡನ ತೋಳಿನಲ್ಲಿ ಪುಡಿಯಾದದ್ದು ಸಂಸ್ಕೃತದಲ್ಲಿ ಅಯೋಮಯ. ಪುಡಿಯಾದವನು ಯಾರೆಂಬುದು ಕನ್ನಡದಲ್ಲಿ ಅಯೋಮಯ. ಎರಡೂ ಅರ್ಥ ಒಂದೇ ಅಪ್ಪುಗೆಯಲ್ಲಿ ಸಿಕ್ಕಿದ ಮೇಲೆ ಜಗಳವೇಕೆ?

ಕೊನೆಯದಾಗಿ ಗೊಂದಲದ ಮಾತು. ಮರಾಠಿಯ ಗೋಂಧಳ ನಿಜ. ಉತ್ತರ ಕರ್ನಾಟಕದಲ್ಲಿ ಅಂಬಾಭವಾನಿಯ ಒಕ್ಕಲಿನ ಮನೆಗಳಲ್ಲಿ ಮದುವೆಯಾದರೆ ಇಂದಿಗೂ ಗೊಂದಲಿಗರನ್ನು ಕರೆಸಿ ಗೊಂದಲ ಹಾಕಿಸುತ್ತಾರೆ. ದೀವಟಿಗೆ ಹೊತ್ತಿಸಿ, ಸಂಬಾಳ ಬಾರಿಸಿ, ರಾತ್ರಿಯಿಡೀ ದೇವಿಯ ಕಥೆ ಹಾಡಿ ಕುಣಿಯುತ್ತಾರೆ. ಅದು ಅಚ್ಚುಕಟ್ಟಾದ ಆರಾಧನೆ. ದೂರದಲ್ಲಿ ಮಲಗಿದ್ದವನಿಗೆ ಗದ್ದಲವಾಗಿ ಕೇಳಿಸಿರಬೇಕು. ಆದರೆ ಇದನ್ನು ಹೊರಗಿನದು ಎಂದು ತಳ್ಳುವ ಮೊದಲು ಎರಡು ವಿಷಯ ನೋಡಿ. ಗುಂಪು, ಸಮೂಹ ಎಂಬ ಅರ್ಥದ ಗೊಂದಣ ಹಳೆಯ ಕನ್ನಡ ಕಾವ್ಯದಲ್ಲಿದೆ. ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಗೊಂಡಲಿ ಎಂಬ ಕುಣಿತ ಬರುತ್ತದೆ. ಅದೂ 12ನೆಯ ಶತಮಾನದ್ದೇ. ಅದಕ್ಕೂ ಗೋಂಧಳಕ್ಕೂ ನಂಟು ಹೇಳುವ ವಿದ್ವಾಂಸರಿದ್ದಾರೆ. ಕಲ್ಯಾಣವಿರುವುದು ಇಂದಿನ ಬೀದರ್ ಜಿಲ್ಲೆಯಲ್ಲಿ. ಯಾರು ಯಾರಿಂದ ತಂದರು ಎಂಬ ಲೆಕ್ಕವನ್ನು ಗಡಿ ರೇಖೆ ಎಳೆದು ತೀರಿಸಲು ಬರುವುದಿಲ್ಲ.

ನಯಸೇನನ ವಿಷಯ ಎತ್ತದಿದ್ದರೆ ಚೆನ್ನಾಗಿತ್ತು. ತುಪ್ಪ, ಎಣ್ಣೆ ಎಂಬ ಒಳ್ಳೆಯ ಕನ್ನಡ ಪದಗಳಿದ್ದರೂ ಆ ಪದ್ಯದಲ್ಲಿ ಅವನು ಬಳಸಿದ್ದು ಘೃತ ಮತ್ತು ತೈಲ. ಮದ್ದೂರಿನವರು ಅವನ್ನು ಕನ್ನಡಕ್ಕೆ ತಿದ್ದಿಯೇ ಉದ್ಧರಿಸಿದ್ದಾರೆ. ಕರಡು ತಿದ್ದುವವನ ಕಣ್ಣಿಗೆ ಇಂಥವು ಬೀಳುತ್ತವೆ. ಮಂಡ್ಯವನ್ನು ಸಕ್ಕರೆಯ ನಾಡು ಎನ್ನುವುದನ್ನೂ ಅವರು ಬಿಡಬೇಕಾಗುತ್ತದೆ, ಸಕ್ಕರೆ ಶರ್ಕರೆಯಿಂದ ಬಂದದ್ದು. ಮಹಿಷನ ಊರು ಮೈಸೂರು ಎಂಬುದು ನಿಜವಾದರೆ ನಮ್ಮ ಊರಿನ ಹೆಸರೇ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡವನ್ನು ಬೆಸೆದ ದೋಷದ ಸಮಾಸ.


ಮೈಸೂರು, ಜಯಲಕ್ಷ್ಮೀಪುರಂ:

ತದ್ಭವಕ್ಕೆ ಅರಿಸಮಾಸದ ದೋಷ ತಗಲುವುದಿಲ್ಲ. ವ್ಯಾಕರಣಕಾರ ಕೇಶಿರಾಜನ ಸಮಾಸ ಪ್ರಕರಣ ತೆರೆದು ನೋಡಿ. ಕರಡು ತಿದ್ದುವವರಿಗೆ ಇಷ್ಟು ಗೊತ್ತಿರಬೇಕು.


ಮೇಲುಕೋಟೆಯಿಂದ:

ಕಲಸುಮೇಲೋಗರದ ಹೆಸರು ಬಂದದ್ದರಿಂದ ಸುಮ್ಮನಿರಲಾಗಲಿಲ್ಲ. ನಮ್ಮ ಊರಿನವರಿಗೆ ಓಗರದ ಮೇಲೆ ಸ್ವಲ್ಪ ಹಕ್ಕಿದೆ ಎಂದುಕೊಂಡಿದ್ದೇನೆ.

ಓಗರ ಎಂದರೆ ಅನ್ನ. ವಚನಗಳಲ್ಲಿ ಹೆಜ್ಜೆಹೆಜ್ಜೆಗೂ ಬರುವ ಪದ. ಓಗರದ ಮೇಲಕ್ಕೆ ಬೇಕಾದದ್ದು ಮೇಲೋಗರ. ಮಲೆನಾಡಿನಲ್ಲೂ ಕರಾವಳಿಯಲ್ಲೂ ತರಕಾರಿಗೋ ಕಾಳಿಗೋ ತೆಂಗಿನಕಾಯಿ ರುಬ್ಬಿ ಹಾಕಿ ಮಾಡುವ ಅಡುಗೆಗೆ ಇಂದಿಗೂ ಅದೇ ಹೆಸರು. ಒಂದು ಮೇಲೋಗರವನ್ನು ಅನ್ನಕ್ಕೆ ಕಲಸಿಕೊಂಡರೆ ಅದು ಊಟ. ಎಲೆಯ ಮೇಲಿರುವ ಎಲ್ಲ ಮೇಲೋಗರಗಳನ್ನೂ ಒಟ್ಟಿಗೆ ಎಳೆದು ಕಲಸಿದರೆ ಹುಳಿಯ ರುಚಿ ಕೂಟಿಗಿಲ್ಲ, ಕೂಟಿನ ರುಚಿ ಗೊಜ್ಜಿಗಿಲ್ಲ. ಬೈಗುಳ ಹುಟ್ಟಿದ್ದು ಅಲ್ಲಿ. ಅಡುಗೆಯ ದೋಷವೇನೂ ಇಲ್ಲ, ಉಣ್ಣುವವನ ಕೈಯ ದೋಷ.

ಹುಳಿಯ ಓಗರ ಪುಳಿಯೋಗರೆ. ಹಳಗನ್ನಡದ ಪುಳಿ ನಮ್ಮ ಬಾಯಲ್ಲಿ ಹುಳಿಯಾಯಿತು. ದೊನ್ನೆಯಲ್ಲಿ ಮಾತ್ರ ಪುಳಿಯಾಗಿಯೇ ಉಳಿಯಿತು. ಆ ಪಕಾರ ಉಳಿದದ್ದು ತಮಿಳಿನಿಂದ, ಅದು ಪುಳಿಯೋದರೈ ಎಂಬುದರ ರೂಪಾಂತರ ಎನ್ನುವವರಿದ್ದಾರೆ. ಶ್ರೀವೈಷ್ಣವರ ಊರಾದ್ದರಿಂದ ಆ ವಾದಕ್ಕೆ ಬಲ ಬರುತ್ತದೆ, ನನಗೆ ಗೊತ್ತು. ಆದರೆ ಓಗರವನ್ನು ಸಂಸ್ಕೃತದ ಓದನಕ್ಕೆ ಕಟ್ಟಿಹಾಕಲು ಬರುವವರನ್ನು ಮಾತ್ರ ಸಹಿಸಲಾರೆ. ದಕಾರ ಗಕಾರವಾಗಬೇಕು, ನಕಾರ ರಕಾರವಾಗಬೇಕು; ಮೂರಕ್ಷರದ ಪದದಲ್ಲಿ ಎರಡಕ್ಷರ ಬದಲಾಯಿಸಿ ‘ನೋಡಿ, ಅದೇ ಪದ’ ಎಂದರೆ ಹೇಗೆ? ಹಾಗಾದರೆ ಮೇಲುಕೋಟೆಯೂ ಮದರಾಸೂ ಒಂದೇ ಊರು.

ಮೇಡಂ, ನಿಮ್ಮ ಬ್ಯಾನರಿಗೆ ಯಾವ ಹೆಸರಾದರೂ ಇರಲಿ. ಕಲಸುಮೇಲೋಗರ ಎಂದು ಬರೆಸುವುದಾದರೆ ಒಂದೇ ಪದವಾಗಿ ಬರೆಸಿ, ನಡುವೆ ಜಾಗ ಬಿಡಿಸಬೇಡಿ.


ಮದ್ದೂರಿನಿಂದ:

ಅಗ್ರಹಾರದವರು ಸಕ್ಕರೆಯಿಂದ ನನ್ನ ಬಾಯಿ ಮುಚ್ಚಿಸಲು ನೋಡಿದ್ದಾರೆ. ಸಕ್ಕರೆ ಬಂದು ಕನ್ನಡದ ಬಾಯಿಗೆ ಒಗ್ಗಿ ಬೇರೆ ರೂಪ ತಾಳಿತು. ಅದನ್ನು ಯಾರೂ ಬೇಡವೆನ್ನುವುದಿಲ್ಲ. ಒಂದು ಕೂದಲೂ ಕೊಂಕದಂತೆ ಸಂಸ್ಕೃತವಾಗಿಯೇ ಉಳಿದು, ನಮ್ಮ ಜಗಲಿಯ ಮೇಲೆ ಕಾಲು ಚಾಚಿರುವ ಪದಗಳ ಬಗ್ಗೆ ನನ್ನ ತಕರಾರು. ಆಲೆಮನೆಯಲ್ಲಿ ಕಬ್ಬು, ಕೊಪ್ಪರಿಗೆ, ಬೆಲ್ಲ, ಹಾಲು ಎಂದು ದುಡಿಯುತ್ತಿದ್ದವರಿಗೆ ಅಯೋಮಯ ಎಂದರೆ ಏನೆಂದು ಕೇಳಿ ನೋಡಿ.


ಮೈಸೂರು, ಅಗ್ರಹಾರ:

ಕೇಳಿದ್ದೇನೆ. ‘ಈ ಸಲದ ಕಬ್ಬಿನ ಬಾಕಿ ಯಾವಾಗ ಬರುತ್ತದೋ ಎಲ್ಲ ಅಯೋಮಯ’ ಎಂದರು. ತಕರಾರು ಎಂಬುದೂ, ಬಾಕಿ ಎಂಬುದೂ ಅರಬ್ಬಿ ಮೂಲದವು. ಅರ್ಜಿಯೂ ಹಾಗೆಯೇ, ತಾಲ್ಲೂಕೂ ಹಾಗೆಯೇ. ಮಂಡ್ಯ ಜಿಲ್ಲೆಯವರೇ ಆದ ಜಿ. ವೆಂಕಟಸುಬ್ಬಯ್ಯನವರು ಎರವಲು ಪದಗಳಿಗಾಗಿಯೇ ಒಂದು ಕೋಶ ಸಿದ್ಧಪಡಿಸಿದರು. ಎರವಲು ಬಂದ ಪದಗಳನ್ನು ಓಡಿಸುವುದಕ್ಕೆ ಅವರು ಅದನ್ನು ಮಾಡಲಿಲ್ಲ.

ಜಯಲಕ್ಷ್ಮೀಪುರದವರ ತದ್ಭವದ ತಿದ್ದುಪಡಿ ಕೇಶಿರಾಜನ ಪ್ರಕಾರ ಸರಿಯೇ. ನಾನು ಹೇಳಿದ್ದು ತಮಾಷೆಗೆ. ಅವರಿಗೆ ತಮಾಷೆ ಕಬ್ಬಿಣದ ಕಡಲೆ.


ಮೈಸೂರು, ಕುವೆಂಪುನಗರ:

ಇಷ್ಟು ಹೊತ್ತು ಓದುತ್ತಿದ್ದೆ. ನೀವೆಲ್ಲ ಅಯೋಮಯವೋ ಗೊಂದಲವೋ ಕಲಸುಮೇಲೋಗರವೋ ಎಂದು ಹೊಡೆದಾಡುತ್ತಿದ್ದೀರಿ. ನಮ್ಮ ಮನೆಯ ಮಕ್ಕಳು ‘ಕನ್‌ಫ್ಯೂಸ್ ಆಯಿತು’ ಎನ್ನುತ್ತಾರೆ. ಈಚೆಗೆ ಕೊನೆಗೆ ಒಂದು ಉಕಾರವನ್ನೂ ಸೇರಿಸಿ ‘ಬರೀ ಕನ್‌ಫ್ಯೂಸು’ ಎನ್ನುತ್ತಿದ್ದಾರೆ. ಮದ್ದೂರಿನವರ ಲೆಕ್ಕದಲ್ಲಿ ಇದು ಒಗ್ಗಿದಂತಾಯಿತೇ, ಇಲ್ಲವೇ? ಬಸ್ಸು, ರೋಡು, ಲೈಟು ಒಗ್ಗಿದ್ದು ಹೀಗೆಯೇ ಅಲ್ಲವೇ?


ಮದ್ದೂರಿನಿಂದ:

ಆಗಲಿಲ್ಲ.


ಮೈಸೂರು, ಸರಸ್ವತಿಪುರಂ:

ಚಣಕವನ್ನು ಓಲೆಯಲ್ಲಿ ತೋರಿಸಿ ಎಂದು ಅಗ್ರಹಾರದವರು ಸವಾಲು ಹಾಕಿದ್ದಾರೆ. ಜನರ ಬಾಯಿಂದ ಬಾಯಿಗೆ ಹೋದ ನಗೆಮಾತಿಗೆ ಓಲೆಯ ಸಾಕ್ಷಿ ಕೇಳುವುದು ಯಾವ ನ್ಯಾಯ? ‘ಚಿತ್ರಾನ್ನ ಮಾಡಿಟ್ಟ’ ಎಂಬುದನ್ನು ಮೊದಲು ಯಾರು ಆಡಿದರೆಂದು ಅವರು ಯಾವ ಓಲೆಯಲ್ಲಿ ತೋರಿಸುತ್ತಾರೆ? ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳೂ ನನ್ನ ಕಪಾಟಿನಲ್ಲಿವೆ. ಮೊದಲ ಸಂಪುಟವನ್ನು ಈಗಷ್ಟೇ ಕೆಳಗಿಳಿಸಿದ್ದೇನೆ. ನಾಳೆ ಬರೆಯುತ್ತೇನೆ.


ಮಂಡ್ಯದಿಂದ:

ಐದಕ್ಕೆ ಮೊದಲೇ ಹೆಸರು ಕೊಟ್ಟುಬಿಟ್ಟೆ. ‘ಎಲ್ಲ ಅಯೋಮಯ’ ಎಂದೇ. ರಾದ್ಧಾಂತದ ಮಾತನ್ನು ಮುಖ್ಯೋಪಾಧ್ಯಾಯರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಧೃತರಾಷ್ಟ್ರನದು ಚೆನ್ನಾಗಿದೆ, ಅದನ್ನು ನನ್ನ ಸ್ವಾಗತ ಭಾಷಣಕ್ಕೆ ಇಟ್ಟುಕೊಳ್ಳುತ್ತೇನೆ’ ಎಂದರು. ಅಗ್ರಹಾರದವರು ದಯವಿಟ್ಟು ಅನುಮತಿ ಕೊಡಬೇಕು. ಕಲಸುಮೇಲೋಗರವನ್ನು ಬಿಡಲು ಮನಸ್ಸಾಗದೆ, ಎಲೆಯ ಮುಂದೆ ಕುಳಿತ ಬೀಗರೊಬ್ಬರ ಬಾಯಿಗೆ ಹಾಕಿದ್ದೇನೆ. ಒಂದೇ ಪದವಾಗಿ.

ಬ್ಯಾನರ್ ಬರೆಯುವವರು ಅಯೋಮಯವನ್ನು ‘ಆಯೋಮಯ’ ಎಂದು ಬರೆದು ಫೋಟೋ ಕಳುಹಿಸಿದ್ದರು. ಕಾಲಿನಷ್ಟು ದಪ್ಪದ ಕೆಂಪು ದೀರ್ಘ. ಅದನ್ನು ಅಳಿಸಲು ಹೇಳಿ ಈಗಷ್ಟೇ ಫೋನ್ ಇಟ್ಟೆ.


ಮೈಸೂರು, ಜಯಲಕ್ಷ್ಮೀಪುರಂ:

ನನ್ನ ಆಕ್ಷೇಪ ಹಾಗೆಯೇ ಇದೆ. ‘ಆಯೋಮಯ’ ಎಂಬುದು ಯಾವ ಭಾಷೆಯಲ್ಲೂ ಇಲ್ಲ, ಅದನ್ನು ಅಳಿಸಿದ್ದು ಒಳ್ಳೆಯದಾಯಿತು.